ಚುಕ್ಕೆ ಇಡುವ ಕೆಲಸ ಕೊನೆಗೆ

ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಇಂಚು ಉದ್ದ, ಒಂದು ಇಂಚು ಅಗಲದ ಚೌಕ. ಅದರ ತುಂಬ ಒಂದೇ ಹದದ ಬೂದು ಬಣ್ಣ, ಕಪ್ಪಿಗೂ ಬಿಳಿಗೂ ಸರಿಯಾಗಿ ನಡುವಿನದು. ಇಂಚಿಗೆ 600 ಚುಕ್ಕೆ ಇಡುವ ಲೇಸರ್ ಪ್ರಿಂಟರಿನಲ್ಲಿ ಇದನ್ನು ಅಚ್ಚು ಹಾಕಬೇಕು. ಅಂದರೆ ಚೌಕದಲ್ಲಿ 600 × 600, ಒಟ್ಟು 3,60,000 ಪಿಕ್ಸೆಲ್‌ಗಳು. ಪ್ರತಿ ಪಿಕ್ಸೆಲ್ಲಿನ ಬೂದನ್ನು 0ಯಿಂದ 255ರೊಳಗಿನ ಒಂದು ಅಂಕಿಯಾಗಿ ಬರೆದಿಟ್ಟರೆ ತಲಾ ಒಂದು ಬೈಟ್ ಬೇಕು. ಫೈಲಿನ ಗಾತ್ರ 3,60,000 ಬೈಟ್.

ಆದರೆ ಪ್ರಿಂಟರಿನೊಳಗೆ ಬೂದು ಬಣ್ಣದ ಪುಡಿ ಇಲ್ಲ, ಇರುವುದು ಕಪ್ಪು ಪುಡಿ ಒಂದೇ. ಪ್ರತಿ ಸ್ಥಾನದಲ್ಲೂ ಅದಕ್ಕೆ ಇರುವ ಆಯ್ಕೆ ಎರಡು: ಚುಕ್ಕೆ ಇಡಬೇಕು, ಇಲ್ಲವೇ ಬಿಡಬೇಕು. ಅದನ್ನು ಹೇಳಲು ಒಂದು ಬಿಟ್ ಸಾಕು. ಅರ್ಧದಷ್ಟು ಸ್ಥಾನಗಳಲ್ಲಿ ಚುಕ್ಕೆ ಇಟ್ಟು, ಉಳಿದ ಅರ್ಧವನ್ನು ಖಾಲಿ ಬಿಟ್ಟು, ಯಾವುದು ಎಲ್ಲಿ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದೆವು ಎನ್ನಿ. ದೂರದಿಂದ ನೋಡಿದರೆ ಬೂದೇ ಕಾಣುತ್ತದೆ. ಫೈಲು 45,000 ಬೈಟಿಗೆ ಇಳಿಯಿತು, ಮೊದಲಿನದರ ಎಂಟನೇ ಒಂದು ಭಾಗ.

ಈಗ ಎರಡು ಫೈಲುಗಳನ್ನೂ ಕುಗ್ಗಿಸಲು ಹೊರಡೋಣ. ದೊಡ್ಡ ಫೈಲಿನಲ್ಲಿ ಇರುವುದೆಲ್ಲ ಒಂದೇ ಅಂಕಿ. ‘128, ಇದನ್ನೇ 3,60,000 ಸಲ’ ಎಂದು ಬರೆದರೆ ಮುಗಿಯಿತು. ಕೆಲವೇ ಬೈಟುಗಳ ಕೆಲಸ. ಚಿಕ್ಕ ಫೈಲನ್ನು ಮಾತ್ರ ಏನು ಮಾಡಿದರೂ ಕುಗ್ಗಿಸಲಾಗದು. ನಾಣ್ಯ ಚಿಮ್ಮಿದ ಫಲಿತಾಂಶದಲ್ಲಿ ಹಿಂದಿನದು ಮುಂದಿನದರ ಸುಳಿವು ಕೊಡುವುದಿಲ್ಲ. ಸುಳಿವಿಲ್ಲದ ಕಡೆ ಉಳಿತಾಯವೂ ಇಲ್ಲ. ಎಂಟು ಪಟ್ಟು ಚಿಕ್ಕದಾಗಿದ್ದ ಫೈಲು ಕುಗ್ಗಿಸಿದ ಮೇಲೆ ಸಾವಿರಾರು ಪಟ್ಟು ದೊಡ್ಡದಾಗಿ ಉಳಿಯಿತು.

ಕಪ್ಪು-ಬಿಳುಪು ಚಿತ್ರಗಳನ್ನು ಕುಗ್ಗಿಸುವ ವಿದ್ಯೆಯ ಕಷ್ಟವೆಲ್ಲ ಈ ಚೌಕದಲ್ಲಿದೆ. ಬೂದನ್ನು ಚುಕ್ಕೆಗಳಾಗಿ ಒಡೆಯುವುದು ಕಣ್ಣನ್ನು ನಂಬಿಸುವ ವಿದ್ಯೆ. ಫೈಲನ್ನು ಕುಗ್ಗಿಸುವುದು ಮುಂದೇನು ಬರುತ್ತದೆ ಎಂದು ಊಹಿಸುವ ವಿದ್ಯೆ. ಮೊದಲನೆಯದು ಚೆನ್ನಾಗಿ ಆದಷ್ಟೂ ಎರಡನೆಯದಕ್ಕೆ ತೊಡಕು.

ಕಣ್ಣು ಎಲ್ಲಿ ಸೋಲುತ್ತದೆ

ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಹತ್ತಿರದ ಎರಡು ಚುಕ್ಕೆಗಳನ್ನು ಒಳ್ಳೆಯ ಕಣ್ಣೂ ಬಿಡಿಸಿ ನೋಡಲಾರದು. ಪುಸ್ತಕವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಈ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಅದಕ್ಕಿಂತ ಒತ್ತಾಗಿ ಕಪ್ಪು ಬಿಳಿ ಬೆರೆಸಿದರೆ ಕಣ್ಣು ಅವುಗಳ ಸರಾಸರಿಯನ್ನಷ್ಟೇ ಕಾಣುತ್ತದೆ.

ಮುದ್ರಣದವರಿಗೆ ಇದು ಕಂಪ್ಯೂಟರ್ ಹುಟ್ಟುವ ಮೊದಲೇ ಗೊತ್ತಿತ್ತು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಬಡವರ ಗುಡಿಸಲುಗಳ ಒಂದು ಫೋಟೊವನ್ನು ಈ ಬಗೆಯಲ್ಲಿ ಅಚ್ಚು ಹಾಕಿತು. ಸ್ಟೀಫನ್ ಹೋರ್ಗನ್ ಅದರ ಹಿಂದಿದ್ದವರು. ಮುಂದೆ ಈ ವಿಧಾನ ಹಾಫ್‌ಟೋನ್ ಎಂದು ಹೆಸರಾಯಿತು. ಸಾಲಾಗಿ, ಸಮ ಅಂತರದಲ್ಲಿ ಚುಕ್ಕೆಗಳಿರುತ್ತವೆ. ನೆರಳಿನ ಭಾಗದಲ್ಲಿ ಚುಕ್ಕೆ ದಪ್ಪ, ಬೆಳಕಿನ ಭಾಗದಲ್ಲಿ ಸಣ್ಣ. ಒರಟು ಕಾಗದದ ದಿನಪತ್ರಿಕೆಯಲ್ಲಿ ಇಂಚಿಗೆ ಸುಮಾರು 85 ಸಾಲು, ನುಣುಪು ಕಾಗದದ ಮಾಸಿಕದಲ್ಲಿ 133 ಅಥವಾ 150.

ಲೇಸರ್ ಪ್ರಿಂಟರಿಗೆ ಚುಕ್ಕೆಯ ಗಾತ್ರ ಬದಲಿಸುವ ಸ್ವಾತಂತ್ರ್ಯ ಕಡಿಮೆ. ಅದು 8 × 8 ಪಿಕ್ಸೆಲ್‌ಗಳ ಒಂದೊಂದು ಮನೆಯನ್ನು ಒಂದು ಚುಕ್ಕೆ ಎಂದು ಭಾವಿಸಿ, ಒಳಗಿನ 64 ಸ್ಥಾನಗಳಲ್ಲಿ ಎಷ್ಟು ಬೇಕೋ ಅಷ್ಟನ್ನು ಕಪ್ಪಾಗಿಸುತ್ತದೆ. ಸೊನ್ನೆಯಿಂದ 64ರ ವರೆಗೆ, ಹೀಗೆ 65 ಬಗೆಯ ಬೂದು ಸಿಗುತ್ತದೆ. ಆದರೆ ಇಂಚಿಗೆ 600 ಇದ್ದ ಸೂಕ್ಷ್ಮತೆ 75 ಮನೆಗಳಿಗೆ ಇಳಿಯುತ್ತದೆ. ಬೂದಿನ ಬಗೆ ಹೆಚ್ಚಬೇಕಾದರೆ ವಿವರ ಬಿಟ್ಟುಕೊಡಬೇಕು. ವಿವರ ಬೇಕಾದರೆ ಬೂದು.

ಈ ಕಟ್ಟನ್ನು ಸಡಿಲಿಸಲು ಎರಡು ದಾರಿಗಳು ಹೊಳೆದವು, ಎರಡೂ 1970ರ ದಶಕದಲ್ಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1973ರಲ್ಲಿ ಒಂದು ಮಿತಿಗಳ ಕೋಷ್ಟಕ ಕೊಟ್ಟರು. (ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಜೋಡಿಸಿರುವ ಕ್ರಮವೂ ಇದೇ ಬೇಯರ್ ಅವರದು.) ಕೋಷ್ಟಕವನ್ನು ಚಿತ್ರದ ಮೇಲೆ ಹೆಂಚು ಹಾಸಿದಂತೆ ಉದ್ದಕ್ಕೂ ಹಾಸುವುದು, ಪಿಕ್ಸೆಲ್ಲಿನ ಬೂದು ಅಲ್ಲಿನ ಮಿತಿಗಿಂತ ಹೆಚ್ಚಾದರೆ ಬಿಳಿ, ಕಡಿಮೆಯಾದರೆ ಕಪ್ಪು. ಪಕ್ಕದ ಪಿಕ್ಸೆಲ್ಲಿನ ಗೊಡವೆ ಇಲ್ಲದ್ದರಿಂದ ಕೆಲಸ ಬೇಗ ಆಗುತ್ತದೆ. ಆದರೆ ಕೋಷ್ಟಕದ ಕಟ್ಟಡ ಚಿತ್ರದ ಮೇಲೆ ಜಾಲರಿಯಾಗಿ ಮೂಡುತ್ತದೆ.

ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ್ದು ಬಾಕಿ ಲೆಕ್ಕದ ದಾರಿ. ಪಿಕ್ಸೆಲ್ಲಿನ ಬೆಲೆ 100 ಎನ್ನಿ. ಅದು 255ಕ್ಕಿಂತ 0ಗೆ ಹತ್ತಿರ, ಆದ್ದರಿಂದ ಕಪ್ಪು. ಆದರೆ ಕಪ್ಪಿನ ಬೆಲೆ 0. ಇಲ್ಲಿ 100ರಷ್ಟು ಬೆಳಕು ಬಾಕಿ ಉಳಿಯಿತು. ಆ ಬಾಕಿಯನ್ನು ಹದಿನಾರು ಪಾಲು ಮಾಡಿ ಬಲಗಡೆಯ ಪಿಕ್ಸೆಲ್ಲಿಗೆ 7, ಕೆಳಗಿನ ಸಾಲಿನಲ್ಲಿ ಎಡಕ್ಕೆ 3, ನೇರ ಕೆಳಗೆ 5, ಬಲಕ್ಕೆ 1 ಪಾಲು ಹಂಚಬೇಕು. ಅಂದರೆ ಸುಮಾರು 44, 19, 31, 6. ಬಾಕಿ ಸಿಕ್ಕಿದ ನೆರೆಯವರು ಬಿಳಿಯಾಗುವ ಸಾಧ್ಯತೆ ಅಷ್ಟು ಹೆಚ್ಚುತ್ತದೆ. ಹೀಗೆ ಮಾಡಿದ ಚಿತ್ರದಲ್ಲಿ ಜಾಲರಿ ಕಾಣುವುದಿಲ್ಲ, ಮುಖದ ಅಂಚು, ಕೂದಲಿನ ಎಳೆ ಚುರುಕಾಗಿ ಉಳಿಯುತ್ತವೆ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಇದ್ದದ್ದು 512 × 342 ಪಿಕ್ಸೆಲ್‌ಗಳು, ಬೂದು ಒಂದೂ ಇಲ್ಲ. ಅದರ ಚಿತ್ರ ತಂತ್ರಾಂಶ ಬರೆದ ಬಿಲ್ ಆಟ್ಕಿನ್ಸನ್ ಈ ವಿಧಾನವನ್ನು ತುಸು ತಿರುಚಿದರು: ಬಾಕಿಯ ನಾಲ್ಕನೇ ಮೂರು ಭಾಗವನ್ನಷ್ಟೇ ಹಂಚಿ ಉಳಿದದ್ದನ್ನು ಮನ್ನಾ ಮಾಡಿದರು. ಬಿಳಿ ಇನ್ನೂ ಬಿಳಿಯಾಗಿ, ಕಪ್ಪು ಇನ್ನೂ ಕಪ್ಪಾಗಿ, ಚಿತ್ರಕ್ಕೆ ಒಂದು ಗಡಸು ಬಂತು.

ಇವೆಲ್ಲಕ್ಕೂ ಡಿದರಿಂಗ್ ಎಂಬ ಒಟ್ಟು ಹೆಸರಿದೆ. ಕಣ್ಣಿನ ಮಟ್ಟಿಗೆ ಇದು ಗೆಲುವು. ಫೈಲಿನ ಮಟ್ಟಿಗೆ ಏನಾಯಿತು ಎಂಬುದಕ್ಕೆ ಫ್ಯಾಕ್ಸಿನ ಕಡೆ ಹೋಗಬೇಕು.

ಬಿಳಿಯ ಉದ್ದ ಅಳೆದವರು

ತಂತಿಯ ಮೂಲಕ ಚಿತ್ರ ಕಳಿಸುವ ಯೋಜನೆಗೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1843ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಕಚೇರಿ ಕಚೇರಿಯ ಮೇಜಿಗೆ ಬಂದದ್ದು 1980ರ ‘ಗ್ರೂಪ್ 3’ ಮಾನಕದ ನಂತರ. ಈ ಮಾನಕದಲ್ಲಿ ಎ4 ಪುಟದ ಒಂದು ಸಾಲಿಗೆ 1728 ಪಿಕ್ಸೆಲ್, ಪ್ರತಿ ಮಿಲಿಮೀಟರಿಗೆ 3.85 ಸಾಲು. ಇಡೀ ಪುಟಕ್ಕೆ ಸುಮಾರು 20 ಲಕ್ಷ ಬಿಟ್. ಆ ಕಾಲದ ಮೋಡೆಮ್ ಫೋನ್ ತಂತಿಯಲ್ಲಿ ಸೆಕೆಂಡಿಗೆ 4,800 ಬಿಟ್ ಕಳಿಸುತ್ತಿತ್ತು ಎಂದುಕೊಂಡರೆ ಒಂದು ಪುಟಕ್ಕೆ ಸುಮಾರು ಏಳು ನಿಮಿಷ, ಅದೂ ಟ್ರಂಕ್ ಕಾಲ್ ದರದಲ್ಲಿ. ಯಾರಿಗೂ ಅದು ಪೂರೈಸುತ್ತಿರಲಿಲ್ಲ.

ಪರಿಹಾರ ಸಿಕ್ಕಿದ್ದು ಕಾಗದದ ಸ್ವಭಾವದಲ್ಲೇ. ಟೈಪು ಮಾಡಿದ ಪತ್ರದ ಬಹುಭಾಗ ಬಿಳಿ. ಬಿಳಿಯ ಓಟ ಉದ್ದ, ಕಪ್ಪಿನ ಓಟ ಗಿಡ್ಡ. ಆದ್ದರಿಂದ ಒಂದೊಂದು ಪಿಕ್ಸೆಲ್ ಕಳಿಸುವ ಬದಲು ‘200 ಬಿಳಿ, 3 ಕಪ್ಪು, 5 ಬಿಳಿ’ ಎಂದು ಓಟಗಳ ಉದ್ದ ಕಳಿಸಿದರೆ ಆಯಿತು. ಆ ಉದ್ದಗಳಿಗೂ ಸಮನಾದ ಜಾಗ ಕೊಡಬೇಕಿಲ್ಲ. ಡೇವಿಡ್ ಹಫ್‌ಮನ್ ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡು 1952ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬಂತು: ಪದೇ ಪದೇ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ.

ಗ್ರೂಪ್ 3ರ ಕೋಷ್ಟಕದಲ್ಲಿ ಎರಡು ಕಪ್ಪು ಪಿಕ್ಸೆಲ್‌ಗೆ ಸಂಕೇತ 11, ಮೂರಕ್ಕೆ 10. ಅಕ್ಷರದ ಗೀಟು ಬಹುಮಟ್ಟಿಗೆ ಇಷ್ಟೇ ದಪ್ಪ. ಹಾಗಾಗಿ ಎರಡೇ ಬಿಟ್. 200 ಬಿಳಿ ಪಿಕ್ಸೆಲ್‌ಗಳನ್ನು 192 ಮತ್ತು 8 ಎಂದು ಒಡೆದು ಹೇಳಲು 11 ಬಿಟ್ ಸಾಕು. ಏನೂ ಬರೆಯದ ಇಡೀ ಸಾಲಿಗೆ, ಅಂದರೆ 1728 ಬಿಳಿಗೆ, ಸಾಲಿನ ಕೊನೆಯ ಗುರುತು ಬಿಟ್ಟರೆ ಕೇವಲ 17 ಬಿಟ್. ಏಳು ನಿಮಿಷ ಒಂದು ನಿಮಿಷದ ಆಸುಪಾಸಿಗೆ ಬಂತು.

1984ರ ‘ಗ್ರೂಪ್ 4’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಸಾಲು ಮೇಲಿನ ಸಾಲಿಗಿಂತ ಎಷ್ಟು ಬೇರೆ ಎಂಬುದನ್ನಷ್ಟೇ ಅದು ಬರೆಯುತ್ತದೆ. ಕಪ್ಪಿನ ಅಂಚು ಮೇಲಿನ ಸಾಲಿನಲ್ಲಿದ್ದ ಜಾಗದ ನೇರ ಕೆಳಗೇ ಇದ್ದರೆ ಒಂದೇ ಒಂದು ಬಿಟ್. ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದಿದ್ದರೆ ಮೂರು. ನೆಟ್ಟಗೆ ನಿಂತ ರೋಮನ್ ಅಕ್ಷರದ ಕಂಬಗಳಿಗೆ ಇದು ಹೇಳಿ ಮಾಡಿಸಿದ್ದು. ಕನ್ನಡದ ದುಂಡಗಿನ ತಿರುವುಗಳಲ್ಲಿ ಅಂಚು ಸಾಲು ಸಾಲಿಗೂ ಸರಿಯುವುದರಿಂದ ಖರ್ಚು ತುಸು ಹೆಚ್ಚು. ಆದರೂ ಉಳಿತಾಯ ಸಾಕಷ್ಟಿದೆ.

ಈ ಮಾನಕಗಳನ್ನು ಪರೀಕ್ಷಿಸಲು ಅಂತರರಾಷ್ಟ್ರೀಯ ಸಮಿತಿ ಬಳಸಿದ ಎಂಟು ಮಾದರಿ ಪುಟಗಳು ಇವತ್ತಿಗೂ ಹೆಸರಾಗಿವೆ. ವ್ಯಾಪಾರದ ಪತ್ರ, ವಿದ್ಯುತ್ ಮಂಡಲದ ನಕ್ಷೆ, ಫ್ರೆಂಚ್ ಬಿಲ್ಲು, ಒತ್ತಾಗಿ ಅಚ್ಚಾದ ಪಠ್ಯ, ಜಪಾನಿ ಬರಹ. ಅಕ್ಷರವಿದೆ, ಗೀಟಿದೆ, ಚುಕ್ಕೆಗಳಲ್ಲಿ ಮೂಡಿದ ಫೋಟೊ ಇರಲಿಲ್ಲ.

ಸಂಕೇತ ಉಬ್ಬಿದಾಗ

ಇಂಥ ಯಂತ್ರಕ್ಕೆ ಬೂದು ಚೌಕವನ್ನು ತಿನ್ನಿಸಿ ನೋಡೋಣ. ನಾಣ್ಯ ಚಿಮ್ಮುವುದು ಬೇಡ, ಶಿಸ್ತಿನ ಚದುರಂಗದ ಹಾಸನ್ನೇ ಕೊಡೋಣ: ಒಂದು ಕಪ್ಪು, ಒಂದು ಬಿಳಿ, ಮತ್ತೆ ಒಂದು ಕಪ್ಪು. ಗ್ರೂಪ್ 3ರ ಕೋಷ್ಟಕದಲ್ಲಿ ಒಂಟಿ ಕಪ್ಪಿಗೆ ಮೂರು ಬಿಟ್. ಒಂಟಿ ಬಿಳಿಗೆ ಆರು, ಯಾಕೆಂದರೆ ಪತ್ರಗಳಲ್ಲಿ ಒಂಟಿ ಬಿಳಿ ಬಲು ಅಪರೂಪ. ಎರಡು ಪಿಕ್ಸೆಲ್‌ಗೆ ಒಂಬತ್ತು ಬಿಟ್ ಆಯಿತು. ಒಂದು ಸಾಲಿನಲ್ಲಿ 864 ಜೋಡಿ, 7,776 ಬಿಟ್. ಕುಗ್ಗಿಸದೆ ಹಾಗೇ ಕಳಿಸಿದ್ದರೆ 1,728 ಸಾಕಿತ್ತು. ಕುಗ್ಗಿಸಲು ಹೋಗಿ ನಾಲ್ಕೂವರೆ ಪಟ್ಟು ಉಬ್ಬಿಸಿದಂತಾಯಿತು. ಇಡೀ ಪುಟ ಹೀಗಿದ್ದರೆ ಏಳು ನಿಮಿಷದ ಜಾಗದಲ್ಲಿ ಅರ್ಧ ಗಂಟೆ.

ಫ್ಲಾಯ್ಡ್-ಸ್ಟೈನ್‌ಬರ್ಗ್ ಚಿತ್ರದ ಗತಿಯೂ ಹೆಚ್ಚು ಬೇರೆಯಲ್ಲ. ಅಲ್ಲಿ ಓಟಗಳು ಗಿಡ್ಡ, ಮೇಲಿನ ಸಾಲಿಗೂ ಕೆಳಗಿನದಕ್ಕೂ ಅಂಚುಗಳು ಹೊಂದುವುದಿಲ್ಲ. ಫೋಟೊಗಳಿಗೆಂದೇ ಇರುವ ಜೆಪೆಗ್ ಕೂಡ ಇಲ್ಲಿ ನೆರವಿಗೆ ಬಾರದು. ಚಿತ್ರದಲ್ಲಿ ಬೆಳಕು ಮೆಲ್ಲಗೆ ಏರಿಳಿಯುತ್ತದೆ ಎಂಬ ನಂಬಿಕೆಯ ಮೇಲೆ ಜೆಪೆಗ್ ನಿಂತಿದೆ. ಪಿಕ್ಸೆಲ್ ಪಿಕ್ಸೆಲ್ಲಿಗೂ ಹಾರುವ ವ್ಯತ್ಯಾಸವನ್ನು ಅದು ಕಣ್ಣಿಗೆ ಕಾಣದ ಕಸವೆಂದು ಎಸೆಯುತ್ತದೆ. ಚುಕ್ಕೆಯ ಚಿತ್ರದಲ್ಲಿ ಆ ಹಾರಾಟವೇ ಎಲ್ಲ. ಪತ್ರಿಕೆಯ ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡಿ ಚಿಕ್ಕದು ಮಾಡಿದವರು ಅಲೆ ಅಲೆಯಾದ ಪಟ್ಟೆಗಳನ್ನು ನೋಡಿಯೇ ಇರುತ್ತಾರೆ. ಅಚ್ಚಿನ ಚುಕ್ಕೆಸಾಲಿಗೂ ಪರದೆಯ ಪಿಕ್ಸೆಲ್ ಸಾಲಿಗೂ ತಾಳ ತಪ್ಪಿದ್ದರ ಫಲ ಅದು.

ಪಕ್ಕದವರನ್ನು ಕೇಳಿ

ಓಟ ಅಳೆಯುವುದನ್ನು ಬಿಟ್ಟು ನೇರವಾಗಿ ಊಹಿಸಲು ಹೊರಟದ್ದು 1993ರ ಜೆಬಿಗ್ ಮಾನಕ. ಪಿಕ್ಸೆಲ್ ಬರೆಯುವ ಮೊದಲು ಅದು ಆಗಲೇ ಬರೆದಾಗಿರುವ ಹತ್ತು ನೆರೆಯ ಪಿಕ್ಸೆಲ್‌ಗಳನ್ನು ನೋಡುತ್ತದೆ. ಹತ್ತು ಪಿಕ್ಸೆಲ್‌ಗಳ ಕಪ್ಪು-ಬಿಳಿ ಸೇರಿದರೆ 1,024 ಬಗೆಯ ಸಂದರ್ಭಗಳು. ಪ್ರತಿ ಸಂದರ್ಭದಲ್ಲೂ ಇದುವರೆಗೆ ಎಷ್ಟು ಸಲ ಕಪ್ಪು ಬಂತು, ಎಷ್ಟು ಸಲ ಬಿಳಿ ಎಂಬ ಅನುಭವವನ್ನು ಕಲಿಯುತ್ತಾ ಹೋಗುತ್ತದೆ. ಊಹೆ ಗಟ್ಟಿಯಾಗಿದ್ದು ಸರಿಯಾದರೆ ಖರ್ಚು ಒಂದು ಬಿಟ್ಟಿಗಿಂತಲೂ ಎಷ್ಟೋ ಕಡಿಮೆ, ತಪ್ಪಾದರೆ ಹೆಚ್ಚು.

ಈ ಹತ್ತರಲ್ಲಿ ಒಂದು ಪಿಕ್ಸೆಲ್ಲನ್ನು ದೂರಕ್ಕೆ ಕದಲಿಸಬಹುದು ಎಂಬುದು ಜೆಬಿಗ್‌ನ ಜಾಣತನ. ಹಾಫ್‌ಟೋನ್ ಚುಕ್ಕೆಗಳು ಎಂಟೆಂಟು ಪಿಕ್ಸೆಲ್ಲಿಗೆ ಮರುಕಳಿಸುತ್ತಿದ್ದರೆ ಆ ಅಲೆಮಾರಿ ಪಿಕ್ಸೆಲ್ಲನ್ನು ಎಂಟು ಸ್ಥಾನ ಎಡಕ್ಕೆ ಇಟ್ಟರಾಯಿತು. ಹಿಂದಿನ ಮನೆಯಲ್ಲಿ ಇದೇ ಜಾಗದಲ್ಲಿ ಏನಿತ್ತು ಎಂಬುದು ಈಗಿನ ಊಹೆಗೆ ಅತಿ ಒಳ್ಳೆಯ ಸುಳಿವು. ಬೇಯರ್ ಕೋಷ್ಟಕದ ಜಾಲರಿ ಕಣ್ಣಿಗೆ ಕುಂದಾಗಿತ್ತಲ್ಲ, ಇಲ್ಲಿ ಅದೇ ಲಾಭವಾಯಿತು. ಮರುಕಳಿಕೆಯಿಲ್ಲದ ಫ್ಲಾಯ್ಡ್-ಸ್ಟೈನ್‌ಬರ್ಗ್ ಚಿತ್ರಕ್ಕೆ ಈ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ.

2000ದ ಜೆಬಿಗ್2 ಇನ್ನೂ ಧೈರ್ಯ ಮಾಡಿತು. 8 × 8 ಮನೆಯಲ್ಲಿ ಬರಬಹುದಾದ ಚುಕ್ಕೆಯ ಆಕಾರಗಳು 65 ಮಾತ್ರ ಎಂದಾದರೆ ಅವನ್ನೆಲ್ಲ ಒಮ್ಮೆ ಪಟ್ಟಿ ಮಾಡಿ ಕಳಿಸುವುದು. ಆಮೇಲೆ ಪ್ರತಿ ಮನೆಗೂ ಪಟ್ಟಿಯ ಸಂಖ್ಯೆಯನ್ನಷ್ಟೇ ಹೇಳುವುದು. 64 ಬಿಟ್ಟಿನ ಜಾಗದಲ್ಲಿ ಏಳೇ ಬಿಟ್. ಪಕ್ಕಪಕ್ಕದ ಮನೆಗಳ ಸಂಖ್ಯೆ ಹತ್ತಿರ ಹತ್ತಿರ ಇರುವುದರಿಂದ ಅವೂ ಮತ್ತಷ್ಟು ಕುಗ್ಗುತ್ತವೆ. ಆ ಸಂಖ್ಯೆ ಏನು? ಮನೆಯಲ್ಲಿ ಎಷ್ಟು ಕಪ್ಪಿದೆ ಎಂಬುದು, ಅಂದರೆ ಬೂದಿನ ಮಟ್ಟ. ಇಷ್ಟು ದೂರ ಸುತ್ತಿ ಬಂದು ಎಂಜಿನಿಯರುಗಳು ತಲುಪಿದ್ದು ಬೂದು ಚಿತ್ರಕ್ಕೇ: ಕಳಿಸುವುದು ಬೂದು, ಚುಕ್ಕೆಯಾಗುವುದು ಅತ್ತ ತುದಿಯ ಯಂತ್ರದಲ್ಲಿ.

ಮೂರು ಕೋಣೆ, ಒಂದೇ ಅಳತೆ

ಜೆಬಿಗ್2 ಪಟ್ಟಿ ಮಾಡುವ ಉಪಾಯವನ್ನು ಅಕ್ಷರಗಳಿಗೂ ಹೂಡಿತು. ಪುಟದಲ್ಲಿ ಒಂದೇ ಅಕ್ಷರ ಇನ್ನೂರು ಸಲ ಬಂದರೆ ಅದರ ಚಿತ್ರವನ್ನು ಒಮ್ಮೆ ಉಳಿಸಿ, ಉಳಿದ ಕಡೆ ‘ಅದೇ ಆಕಾರ, ಈ ಜಾಗದಲ್ಲಿ’ ಎಂದರೆ ಸಾಕು. ಸ್ಕ್ಯಾನ್ ಮಾಡಿದ ಎರಡು ಅಕ್ಷರಗಳು ಪಿಕ್ಸೆಲ್ ಪಿಕ್ಸೆಲ್ಲಿಗೂ ಒಂದೇ ಆಗಿರುವುದಿಲ್ಲ. ಆದ್ದರಿಂದ ವ್ಯತ್ಯಾಸ ಕಡಿಮೆಯಿದ್ದರೆ ಒಂದೇ ಎಂದು ತೀರ್ಮಾನಿಸಲು ಮಾನಕ ಅವಕಾಶ ಕೊಟ್ಟಿದೆ. ಎಷ್ಟು ಕಡಿಮೆ ಎಂಬುದು ಯಂತ್ರ ಮಾಡಿದವರಿಗೆ ಬಿಟ್ಟದ್ದು.

2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯ ಪ್ರತಿಯನ್ನು ಪರಿಶೀಲಿಸಿದರು. ಮೂಲ ನಕ್ಷೆಯಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್. ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಹಾದು ಬಂದ ಪ್ರತಿಯಲ್ಲಿ ಮೂರಕ್ಕೂ 14.13. ಬೇರೆ ಪುಟಗಳಲ್ಲಿ 6 ಇದ್ದದ್ದು 8 ಆಗಿತ್ತು. ಅಕ್ಷರ ಮಸುಕಾಗಿರಲಿಲ್ಲ, ಒಡೆದಿರಲಿಲ್ಲ. ಅಚ್ಚುಕಟ್ಟಾಗಿ, ಸ್ಪಷ್ಟವಾಗಿ, ತಪ್ಪಾಗಿ ಅಚ್ಚಾಗಿತ್ತು. ಕಾರಣ ಆಕಾರಗಳನ್ನು ಹೊಂದಿಸುವ ಈ ಹಂತ. ಕಂಪನಿ ದೋಷವನ್ನು ಒಪ್ಪಿ ತಿದ್ದಿದ ತಂತ್ರಾಂಶ ಬಿಡುಗಡೆ ಮಾಡಿತು.

ಜೆಪೆಗ್ ವಿವರ ಕಳೆದಾಗ ಚಿತ್ರ ಕಲಸಿಕೊಳ್ಳುತ್ತದೆ, ನೋಡುವವರಿಗೆ ಅನುಮಾನ ಬರುತ್ತದೆ. ಇಲ್ಲಿ ಅನುಮಾನಕ್ಕೆ ಆಸ್ಪದವೇ ಇಲ್ಲ. ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 10 ಪಾಯಿಂಟ್ ಅಕ್ಷರವನ್ನು ಇಂಚಿಗೆ 300 ಪಿಕ್ಸೆಲ್ಲಿನಂತೆ ಸ್ಕ್ಯಾನ್ ಮಾಡಿದರೆ ಅಚ್ಚುಮೊಳೆಯ ಪೂರ್ತಿ ಎತ್ತರವೇ ಸುಮಾರು 42 ಪಿಕ್ಸೆಲ್. ಅದರೊಳಗೆ ದಕಾರವನ್ನು ಧಕಾರ ಮಾಡುವ, ಬಕಾರವನ್ನು ಭಕಾರ ಮಾಡುವ ಕೆಳಗಿನ ಸೀಳಿಗೆ ಸಿಗುವುದು ಬೆರಳೆಣಿಕೆಯ ಪಿಕ್ಸೆಲ್. ವ್ಯತ್ಯಾಸವನ್ನು ಪಿಕ್ಸೆಲ್ ಲೆಕ್ಕದಲ್ಲಿ ಅಳೆಯುವ ಯಂತ್ರಕ್ಕೆ ಅದು ಶಾಯಿಯ ಕಲೆಯೋ ಮಹಾಪ್ರಾಣವೋ ತಿಳಿಯದು. ಜೊತೆಗೆ ಕಾಗುಣಿತ ಕೂಡಿಕೊಂಡ ನಮ್ಮ ಅಕ್ಷರಗಳಲ್ಲಿ ಬೇರೆಬೇರೆ ಆಕಾರಗಳ ಪಟ್ಟಿ ಇಂಗ್ಲಿಷಿನದಕ್ಕಿಂತ ಬಹಳ ಉದ್ದ. ಪಟ್ಟಿ ಉದ್ದವಾದಷ್ಟೂ ಉಳಿತಾಯ ಕಡಿಮೆ, ಗೊಂದಲಕ್ಕೆ ಅವಕಾಶ ಹೆಚ್ಚು.

ಒಂದು ಪುಟ, ಎರಡು ಪದರ

ಅಕ್ಷರಕ್ಕೆ ಬೇಕಾದದ್ದು ಚೂಪಾದ ಅಂಚು, ಬೂದಲ್ಲ. ಫೋಟೊಗೆ ಬೇಕಾದದ್ದು ಬೂದು, ಅತಿ ಸೂಕ್ಷ್ಮ ಅಂಚಲ್ಲ. ಎರಡೂ ಒಂದೇ ಪುಟದಲ್ಲಿದ್ದರೆ? ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಯಾನ್ ಲೆಕುನ್, ಲಿಯಾನ್ ಬೊಟು ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ರೂಪಿಸಿದ ದೆಜಾವು ವಿಧಾನ ಪುಟವನ್ನು ಪದರಗಳಾಗಿ ಬಿಡಿಸಿತು. ಅಕ್ಷರದ ಪದರ ಕಪ್ಪು-ಬಿಳಿ, ಇಂಚಿಗೆ 300 ಪಿಕ್ಸೆಲ್. ಹಿನ್ನೆಲೆ ಮತ್ತು ಚಿತ್ರದ ಪದರ ಬೂದು ಅಥವಾ ಬಣ್ಣ, ಇಂಚಿಗೆ 100 ಸಾಕು. ಒಂದೊಂದನ್ನೂ ಅದರದರ ಸ್ವಭಾವಕ್ಕೆ ತಕ್ಕಂತೆ ಕುಗ್ಗಿಸಿ ಕೊನೆಗೆ ಮೇಲಿಂದ ಮೇಲೆ ಇಡುವುದು.

ಬೇರ್ಪಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡ ಓದುಗರು ಬಲ್ಲರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಿಲಿಯನ್ ಬುಕ್ ಯೋಜನೆಯ ಜೊತೆ ಕೈಜೋಡಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಿಂದಾಗಿ ಅಂಗಡಿಯಲ್ಲಿ ಸಿಗದ ಎಷ್ಟೋ ಕನ್ನಡ ಪುಸ್ತಕಗಳು ಓದಲು ಸಿಕ್ಕಿವೆ. ಆ ಪುಟಗಳು ಹೆಚ್ಚಾಗಿ ಒಂದೇ ಬಿಟ್ಟಿನ ಕಪ್ಪು-ಬಿಳಿ ಸ್ಕ್ಯಾನ್‌ಗಳು. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. ಪಠ್ಯ ಚೆನ್ನಾಗಿ ಉಳಿಯಿತು. ಲೇಖಕರ ಭಾವಚಿತ್ರ ಇರಬೇಕಾದ ಪುಟದಲ್ಲಿ ಮಾತ್ರ ಎಷ್ಟೋ ಕಡೆ ಕಪ್ಪು ಮುದ್ದೆ ಇದೆ. ನಡುಮಿತಿಗಿಂತ ತುಸು ಕಡಿಮೆ ಬೆಳಕಿದ್ದದ್ದೆಲ್ಲ ಕಪ್ಪಾಗಿ, ಮುಖ ಅಳಿಸಿಹೋಗಿದೆ. ಅದನ್ನು ಮರಳಿ ಪಡೆಯಲು ಯಾವ ತಂತ್ರಾಂಶಕ್ಕೂ ಆಗದು. ಪುಸ್ತಕವನ್ನೇ ಹುಡುಕಿ ಮತ್ತೆ ಸ್ಕ್ಯಾನ್ ಮಾಡಬೇಕು.

ಚುಕ್ಕೆ ಎಂಬುದು ಚಿತ್ರಕ್ಕೆ ಸೇರಿದ್ದಲ್ಲ, ಯಂತ್ರಕ್ಕೆ ಸೇರಿದ್ದು. ಅಂಗಡಿಯ ಬಿಲ್ಲು ಮುದ್ರಿಸುವ ಪುಟ್ಟ ಥರ್ಮಲ್ ಪ್ರಿಂಟರಿನಲ್ಲಿ ಸಾಲಿಗೆ 384 ಚುಕ್ಕೆ. ಅದಕ್ಕೆಂದು ಒಡೆದ ಚಿತ್ರವನ್ನು 600 ಚುಕ್ಕೆಯ ಲೇಸರ್ ಪ್ರಿಂಟರಿಗೆ ಹಿಗ್ಗಿಸಿ ಕೊಟ್ಟರೆ ಪಟ್ಟೆ ಏಳುತ್ತದೆ. 2007ರ ಮೊದಲ ಕಿಂಡಲ್ ಓದುಯಂತ್ರದ ಪರದೆಗೆ ನಾಲ್ಕೇ ಬೂದುಗಳಿದ್ದವು, 2009ರ ಎರಡನೆಯದಕ್ಕೆ ಹದಿನಾರು. ನಾಲ್ಕಕ್ಕೆಂದು ಚುಕ್ಕೆ ಹಾಕಿ ಉಳಿಸಿದ ಚಿತ್ರ ಹದಿನಾರರ ಪರದೆಯಲ್ಲೂ ನಾಲ್ಕರ ಚಿತ್ರವಾಗಿಯೇ ಇರುತ್ತದೆ.

ಆದ್ದರಿಂದ ಮನೆಯ ಹಳೆಯ ಪುಸ್ತಕ, ಪತ್ರ, ಫೋಟೊಗಳನ್ನು ಸ್ಕ್ಯಾನ್ ಮಾಡಲು ಕೂರುವವರು ಪುಟ ನೋಡಿ ತೀರ್ಮಾನಿಸಬೇಕು. ಬರೀ ಅಕ್ಷರವಿದ್ದು ಅಚ್ಚು ಗಟ್ಟಿಯಾಗಿದ್ದರೆ ಇಂಚಿಗೆ 600ರಂತೆ ಕಪ್ಪು-ಬಿಳಿ, ಗ್ರೂಪ್ 4ರಲ್ಲಿ. ಅದು ಒಂದು ಪಿಕ್ಸೆಲ್ಲನ್ನೂ ಬದಲಿಸುವುದಿಲ್ಲ. ಜೆಬಿಗ್2 ಬಳಸುವುದಾದರೆ ನಷ್ಟವಿಲ್ಲದ ಆಯ್ಕೆಯಲ್ಲಿ ಮಾತ್ರ. ಫೋಟೊ, ಪೆನ್ಸಿಲ್ ಬರಹ, ಮಾಸಿದ ಶಾಯಿ, ಮುದ್ರೆ ಬಿದ್ದ ದಾಖಲೆ ಇದ್ದರೆ ಇಂಚಿಗೆ 300ರಂತೆ ಬೂದು. ಅದನ್ನು ಕಪ್ಪು-ಬಿಳಿ ಮಾಡುವ ಕೆಲಸವನ್ನು ಪ್ರಿಂಟರ್ ಆ ಹೊತ್ತಿಗೆ ತಾನೇ ಮಾಡಿಕೊಳ್ಳುತ್ತದೆ.